ಮೋಮೋ ಪ್ರೊಟೋಟಿಪೋ 350: ಸ್ಟೇರಿಂಗ್ ಚೆಂದ ಇದೆ, ಮೊದಲು ಹಬ್ ನೋಡ್ರಿ

ಇಟಲಿಯ ಮೋಮೋ ಕಂಪನಿಯ ಪ್ರೊಟೋಟಿಪೋ ಸ್ಟೇರಿಂಗಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ಸ್ಟೇರಿಂಗ್ ಇರುತ್ತದೆ, ನಡುವೆ ಕೂಡುವ ಹಾರ್ನ್ ಗುಂಡಿ ಇರುತ್ತದೆ. ಸ್ಟೇರಿಂಗನ್ನು ಕಾರಿನ ಶಾಫ್ಟಿಗೆ ಕೂಡಿಸುವ ಹಬ್ ಇರುವುದಿಲ್ಲ. ಗ್ಯಾರೇಜಿನವರು ಬಾಸ್ ಕಿಟ್ ಎನ್ನುವ ಆ ಡಬ್ಬಿಯಂಥ ತುಂಡನ್ನು ಕಾರಿನ ಮಾಡೆಲ್ಲು, ವರ್ಷ ಹೇಳಿ ಬೇರೆಯಾಗಿ ತರಿಸಬೇಕು. ಸ್ಟೇರಿಂಗಿಗೆ ಕೈತುಂಬ ರೊಕ್ಕ ಕೊಟ್ಟು, ಹಬ್ಬಿನ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುವವರೇ ಹೆಚ್ಚು. ಕಾರು ತಿರುಗಿಸುವ ಬಲವೆಲ್ಲ ಹಾದು ಹೋಗುವುದು ಆ ತುಂಡಿನ ಮೂಲಕವೇ ಆದ್ದರಿಂದ ಈ ವಿಮರ್ಶೆಯಲ್ಲಿ ಅದಕ್ಕೇ ಹೆಚ್ಚು ಜಾಗ.

ಇಲ್ಲಿ ಲೆಕ್ಕಕ್ಕೆ ಹಿಡಿದ ಕಾರು ಮೊದಲ ಪೀಳಿಗೆಯ ಮಜ್ದಾ ಎಂಎಕ್ಸ್-5, ಅಂದರೆ 1989ರಿಂದ 1997ರವರೆಗೆ ಬಂದ, ಮಡಚುವ ಹೆಡ್‌ಲೈಟಿನ ಎರಡು ಸೀಟಿನ ಗಾಡಿ. ಅದರಲ್ಲೂ ಏರ್‌ಬ್ಯಾಗ್ ಇಲ್ಲದ ಮಾದರಿ. ಅಳತೆಯ ಅಂಕಿ ಬಿಟ್ಟರೆ ಕೆಲಸದ ಕ್ರಮ ಆ ಕಾಲದ ಬಹುತೇಕ ಕಾರುಗಳಿಗೆ ಹೊಂದುತ್ತದೆ. ನಿಮ್ಮ ಕಾರಿನ ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇದ್ದರೆ ನಮ್ಮ ಸಲಹೆ ಒಂದೇ: ಬಿಚ್ಚಬೇಡಿ. ರಾತ್ರಿ ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗುವ ಊರಿನಲ್ಲಿ ಚಂದಕ್ಕಾಗಿ ಏರ್‌ಬ್ಯಾಗ್ ತೆಗೆಯುವುದು ತಪ್ಪು. ಚರ್ಮ ಸವೆದಿದ್ದರೆ ಅದೇ ಸ್ಟೇರಿಂಗಿಗೆ ಹೊಸ ಚರ್ಮ ಹೊಲಿಸಿ.

ಈಗ ವಸ್ತುವಿಗೆ ಬರೋಣ. ವ್ಯಾಸ 350 ಮಿ.ಮೀ., ಮೂರು ಅಲ್ಯೂಮಿನಿಯಂ ಕಡ್ಡಿ, ಕಡ್ಡಿಗಳಲ್ಲಿ ದುಂಡು ತೂತು, ಮೇಲೆ ಕಪ್ಪು ಚರ್ಮ. ಹಬ್ಬಿಗೆ ಕೂಡುವ ಜಾಗದಿಂದ ಹಿಡಿಕೆ ಸುಮಾರು 39 ಮಿ.ಮೀ. ಚಾಲಕನ ಕಡೆ ಬರುತ್ತದೆ. ಇದನ್ನು ಡಿಶ್ ಎನ್ನುತ್ತಾರೆ. ಹಿಡಿಕೆ ಅಂಗೈ ತುಂಬುವಷ್ಟು ದಪ್ಪ. ಈ ಕಂಪನಿ ಹುಟ್ಟಿದ್ದೇ ಆ ದಪ್ಪದಿಂದ: ಇಟಲಿಯ ರೇಸ್ ಚಾಲಕ ಜಾನ್‌ಪಿಯೆರೋ ಮೊರೆಟ್ಟಿ ತಮ್ಮ ಕಾರಿಗೆ ಮಾಡಿಸಿಕೊಂಡ ದಪ್ಪ ಹಿಡಿಕೆಯ ಸ್ಟೇರಿಂಗ್ ಉಳಿದ ಚಾಲಕರಿಗೂ ಹಿಡಿಸಿತು, 1964ರಲ್ಲಿ ಜಾನ್ ಸರ್ಟೀಸ್ ಫೆರಾರಿಯಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ಕೈಯಲ್ಲಿದ್ದದ್ದೂ ಅದೇ ಕೈಯ ಸ್ಟೇರಿಂಗ್. ಹಳೆಯ ಕಾರುಗಳ ತೆಳ್ಳನೆ ಪ್ಲಾಸ್ಟಿಕ್ ಹಿಡಿಕೆಯನ್ನು ಬೆರಳು ಮಡಚಿ ಬಿಗಿಯಾಗಿ ಹಿಡಿಯಬೇಕು, ದೂರದ ದಾರಿಯಲ್ಲಿ ಮಣಿಕಟ್ಟು ನೋಯುತ್ತದೆ. ಇಲ್ಲಿ ಹಗುರಾಗಿ ಹಿಡಿದರೂ ಸಾಕು, ರಸ್ತೆಯ ಸಣ್ಣ ಉಬ್ಬು ಬೆರಳಿಗೆ ಗೊತ್ತಾಗುತ್ತದೆ. ಈ ಒಂದು ಗುಣಕ್ಕೆ ಪೂರ್ತಿ ಅಂಕ.

ಅಳತೆಯ ವಿಷಯದಲ್ಲಿ ಆಸೆ ಹೆಚ್ಚಾಗಬಾರದು. 370 ಮಿ.ಮೀ. ಸ್ಟೇರಿಂಗ್ ತೆಗೆದು 350 ಹಾಕಿದರೆ ತಿರುಗಿಸುವ ಬಲ ಶೇ. 6ರ ಹತ್ತಿರ ಹೆಚ್ಚು ಬೇಕು. 320 ಹಾಕಿದರೆ ಶೇ. 16ರ ಹತ್ತಿರ. ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ನಿಂತಲ್ಲೇ ತಿರುಗಿಸುವಾಗ ಈ ವ್ಯತ್ಯಾಸ ಭುಜಕ್ಕೆ ತಿಳಿಯುತ್ತದೆ. ಎಂಎಕ್ಸ್-5 ಒಂದು ಟನ್ನಿಗಿಂತ ಹಗುರ ಇರುವುದರಿಂದ 350 ನಡೆಯುತ್ತದೆ, ಅದಕ್ಕಿಂತ ಸಣ್ಣದು ಬೇಡ. ಸಣ್ಣದರಲ್ಲಿ ಹಿಡಿಕೆಯ ಮೇಲಂಚು ಸ್ಪೀಡೋಮೀಟರಿಗೆ ಅಡ್ಡ ಬರುವ ತೊಂದರೆಯೂ ಇದೆ. ಸೀಟಿನಲ್ಲಿ ನಿಮ್ಮ ಎತ್ತರಕ್ಕೆ ಕೂತು, ಕೊಳ್ಳುವ ಅಳತೆಯ ರಟ್ಟಿನ ಬಳೆ ಕತ್ತರಿಸಿ ಎದುರಿಗೆ ಹಿಡಿದು ನೋಡುವುದು ಐದು ನಿಮಿಷದ ಕೆಲಸ.

ಹಬ್. ಇದರ ಒಂದು ಮೈ ಕಾರಿನ ಶಾಫ್ಟಿನ ಹಲ್ಲುಗಳಿಗೆ ಕೂಡುತ್ತದೆ, ಇನ್ನೊಂದು ಮೈಯಲ್ಲಿ ಸ್ಟೇರಿಂಗಿನ ಆರು ತೂತು. ಮೋಮೋ, ಸ್ಪಾರ್ಕೋ, ಓಎಂಪಿ ಮೂರೂ ಕಂಪನಿಗಳ ಸ್ಟೇರಿಂಗಿಗೆ ಆರು ತೂತುಗಳ ವೃತ್ತದ ವ್ಯಾಸ 70 ಮಿ.ಮೀ.; ನಾರ್ಡಿ ಕಂಪನಿಯದಕ್ಕೆ 74. ಎರಡಕ್ಕೂ ನಡುವೆ 4 ಮಿ.ಮೀ. ಮಾತ್ರ ಅಂತರ ಇರುವುದರಿಂದಲೇ ಮೋಸ ಹೋಗುತ್ತಾರೆ: ತೂತನ್ನು ಕಾನಸ್ಸಿನಿಂದ ಉಜ್ಜಿ ಉದ್ದ ಮಾಡಿ ಸ್ಕ್ರೂ ಕೂಡಿಸುತ್ತಾರೆ. ಹಾಗೆ ಮಾಡಿದರೆ ಸ್ಕ್ರೂ ತಲೆ ಪೂರ್ತಿ ಕೂಡದೆ ಅಂಚಿನ ಮೇಲೆ ನಿಲ್ಲುತ್ತದೆ, ಬರಬರುತ್ತ ಸಡಿಲಾಗುತ್ತದೆ. 70ರಿಂದ 74ಕ್ಕೆ ಅಡಾಪ್ಟರ್ ಬಿಲ್ಲೆ ಸಿಗುತ್ತದೆ, ಅದನ್ನೇ ಹಾಕಬೇಕು. ಎರಡೂ ಅಳತೆಯ ತೂತು ಇರುವ ಹಬ್ ಸಿಕ್ಕರೆ ಇನ್ನೂ ಒಳ್ಳೆಯದು.

ಒಳ್ಳೆಯ ಹಬ್ಬಿನ ಗುರುತು ಎರಡು. ಹಲ್ಲು ಇರುವ ನಡು ಉಕ್ಕಿನದಾಗಿರಬೇಕು. ಸುತ್ತಿನ ಡಬ್ಬಿ ಜೋರು ಪೆಟ್ಟಿಗೆ ಕುಗ್ಗುವಂಥದ್ದಾಗಿರಬೇಕು, ಅದಕ್ಕೇ ಮೇಲೆ ರಬ್ಬರಿನ ಕವಚ ಇರುತ್ತದೆ. ಒಂದೇ ಗಟ್ಟಿ ಅಲ್ಯೂಮಿನಿಯಂ ತುಂಡಿನ ಅಗ್ಗದ ಹಬ್ ಹೊಳೆಯುತ್ತದೆ, ಆದರೆ ಎದೆ ಬಡಿದರೆ ಅದು ಕುಗ್ಗುವುದಿಲ್ಲ.

ನಿಮ್ಮ ಕಾರಿಗೆ ಹಬ್ ಸಿಗದಿದ್ದರೆ ಕಪನೂರ ಕೈಗಾರಿಕಾ ಪ್ರದೇಶದ ಲೇಥ್ ಅಂಗಡಿ ನೆನಪಾಗುವುದು ಸಹಜ. ಅಲ್ಲಿ ಏನು ಮಾಡಿಸಬಹುದು, ಏನು ಮಾಡಿಸಬಾರದು ಎಂಬ ಗೆರೆ ಸ್ಪಷ್ಟ ಇರಲಿ. ಹಬ್ಬಿಗೂ ಸ್ಟೇರಿಂಗಿಗೂ ನಡುವೆ ಇಡುವ ಸ್ಪೇಸರ್ ಬಿಲ್ಲೆ, ಹಾರ್ನ್ ಗುಂಡಿಯ ಬಳೆ ಧಾರಾಳವಾಗಿ ಮಾಡಿಸಿ. ಒಳಗಿನ ಹಲ್ಲುಗಳನ್ನು ಬರೀ ಲೇಥಿನಲ್ಲಿ ಸರಿಯಾಗಿ ಕೊರೆಯಲು ಬರುವುದಿಲ್ಲ. ಹಳೆಯ ಸ್ಟೇರಿಂಗಿನ ನಡುಭಾಗ ಕತ್ತರಿಸಿ ಹೊಸ ಬಿಲ್ಲೆಗೆ ವೆಲ್ಡ್ ಹೊಡೆಸುವುದಂತೂ ಬೇಡವೇ ಬೇಡ: ಬೆಸುಗೆಯ ಪಕ್ಕದ ಉಕ್ಕು ಬಿರುಸಾಗುತ್ತದೆ, ಬಿರುಕು ಒಳಗಿಂದ ಬೆಳೆಯುತ್ತದೆ, ಮೇಲೆ ಬಣ್ಣ ಹೊಡೆದರೆ ಕಣ್ಣಿಗೂ ಬೀಳುವುದಿಲ್ಲ.

ಹಬ್ಬಿನ ಉದ್ದವನ್ನು ಆರಿಸುವ ಮೊದಲು ಹಳೆಯ ಸ್ಟೇರಿಂಗ್ ಇನ್ನೂ ಜಾಗದಲ್ಲಿದ್ದಾಗಲೇ ಡ್ಯಾಶ್‌ಬೋರ್ಡಿನಿಂದ ಹಿಡಿಕೆಯವರೆಗೆ ಟೇಪು ಹಿಡಿದು ಅಳೆಯಿರಿ. ಹಬ್ಬಿನ ಉದ್ದ, ಜೊತೆಗೆ 39 ಮಿ.ಮೀ. ಡಿಶ್, ಎರಡೂ ಕೂಡಿ ಹಿಡಿಕೆ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬರಬೇಕು. ಉದ್ದ ಹೆಚ್ಚಾದರೆ ಎದೆಗೆ ಹತ್ತಿರ ಬರುತ್ತದೆ, ಇಂಡಿಕೇಟರ್ ಕಡ್ಡಿ ಬೆರಳಿಗೆ ಸಿಗುವುದಿಲ್ಲ. ಹಾರ್ನ್ ಗುಂಡಿಗೂ ಎದೆಗೂ ಕನಿಷ್ಠ 25 ಸೆಂ.ಮೀ. ಇರಲಿ.

ಕೂಡಿಸುವ ಕೆಲಸಕ್ಕೆ ಒಂದು ತಾಸು ಸಾಕು. ಬೇಕಾಗುವುದು 21 ಮಿ.ಮೀ. ಸಾಕೆಟ್, ಬಿಗಿತ ಅಳೆಯುವ ಟಾರ್ಕ್ ರೆಂಚ್, 10ರ ಪಾನಾ, 3 ಮಿ.ಮೀ. ಎಲನ್ ಕೀ, ಸ್ಟೇರಿಂಗನ್ನು ಶಾಫ್ಟಿನಿಂದ ಕೀಳುವ ಪುಲ್ಲರ್, ಸ್ಕ್ರೂ ಸಡಿಲಾಗದಂತೆ ಹಚ್ಚುವ ನೀಲಿ ಬಣ್ಣದ ಥ್ರೆಡ್ ಲಾಕ್. ಸಮತಟ್ಟಾದ ಜಾಗದಲ್ಲಿ ಕಾರನ್ನು ನೆಟ್ಟಗೆ ಐವತ್ತು ಮೀಟರ್ ಓಡಿಸಿ, ಸ್ಟೇರಿಂಗ್ ಅಲುಗಿಸದೆ ನಿಲ್ಲಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಎಂಎಕ್ಸ್-5ರಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ. ಹಾರ್ನ್ ಪ್ಯಾಡ್ ತೆಗೆದು ವೈರ್ ಕಳಚಿದರೆ ನಡುವಿನ ನಟ್ ಕಾಣುತ್ತದೆ.

ನಟ್ ಸಡಿಲಿಸುವಾಗ ಸ್ಟೇರಿಂಗನ್ನು ಕೈಯಿಂದಲೇ ಹಿಡಿಯಬೇಕು. ಸ್ಟೇರಿಂಗ್ ಲಾಕ್ ಬಿದ್ದಿದೆ, ಅದೇ ತಡೆಯುತ್ತದೆ ಎಂದು ಬಲ ಹಾಕಿದರೆ ಲಾಕಿನ ಕಡ್ಡಿ ಮುರಿಯಬಹುದು. ನಟ್ ಪೂರ್ತಿ ತೆಗೆಯದೆ ಎರಡು ಮೂರು ಎಳೆಯ ಮೇಲೆ ಬಿಡಿ, ಆಮೇಲೆ ಎಳೆಯಿರಿ. ಇಲ್ಲದಿದ್ದರೆ ಒಮ್ಮೆಲೇ ಕಿತ್ತು ಬಂದು ಮುಖಕ್ಕೆ ಬಡಿಯುತ್ತದೆ. ಮೂವತ್ತು ವರ್ಷದ ಜಂಗು ಇದ್ದರೆ ಬಾರದು. ಆಗ ಪುಲ್ಲರ್ ಹಾಕಬೇಕು, ಸುತ್ತಿಗೆ ಹಾಕಬಾರದು. ಅಪಘಾತದಲ್ಲಿ ಕುಗ್ಗುವಂತೆ ಮಾಡಿದ ಕಾಲಮ್ಮುಗಳಲ್ಲಿ, ಅಂದರೆ ಶಾಫ್ಟನ್ನು ಹೊತ್ತ ಕೊಳವೆಗಳಲ್ಲಿ, ಒಳಗೆ ಪ್ಲಾಸ್ಟಿಕ್ ಪಿನ್ನು ಇರುತ್ತವೆ, ಶಾಫ್ಟಿನ ತುದಿಗೆ ಬಿದ್ದ ನಾಲ್ಕು ಪೆಟ್ಟಿಗೆ ಅವು ತುಂಡಾಗುತ್ತವೆ. ಅಂಥ ಕಾಲಮ್ ಆಮೇಲೆ ಹಿಂದೆಮುಂದೆ ಆಡುತ್ತದೆ, ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಗ್ಯಾರೇಜಿಗೆ ಕೊಟ್ಟರೆ ಮಿಸ್ತ್ರಿ ಸುತ್ತಿಗೆ ಕೈಗೆತ್ತಿಕೊಳ್ಳದಂತೆ ಎದುರಿಗೇ ನಿಂತು ನೋಡಿ. ಟೈರ್ ಅಂಗಡಿಯ ಗಾಳಿ ಗನ್ ಸಹ ಈ ನಟ್ಟಿಗೆ ಬೇಡ.

ಹೊಸ ಹಬ್ ಇಳಿಸುವಾಗ ಹಿಂಬದಿಯ ಗೂಟ ಇಂಡಿಕೇಟರ್ ಸ್ವಿಚ್ಚಿನ ತೋಡಿನಲ್ಲಿ ಕೂಡಬೇಕು. ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನೇ ಆರುವುದು ಆ ಗೂಟದಿಂದ. ಅದು ತೋಡಿಗೆ ಬೀಳದೆ ನಟ್ ಬಿಗಿದರೆ ಸ್ವಿಚ್ಚಿನ ಪ್ಲಾಸ್ಟಿಕ್ ಮುರಿಯುತ್ತದೆ, ಹಳೆಯ ಕಾರಿಗೆ ಆ ಸ್ವಿಚ್ ಹುಡುಕುವುದು ಸ್ಟೇರಿಂಗ್ ಹುಡುಕುವುದಕ್ಕಿಂತ ಕಷ್ಟ. ಎಂಎಕ್ಸ್-5ರ ನಟ್ಟಿಗೆ 39ರಿಂದ 49 ನ್ಯೂಟನ್ ಮೀಟರ್ ಬಿಗಿತ. ಆರು ಸ್ಕ್ರೂಗಳನ್ನು ಒಂದೊಂದು ಹನಿ ಥ್ರೆಡ್ ಲಾಕ್ ಹಚ್ಚಿ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಯಬೇಕು. ಇವು 5 ಮಿ.ಮೀ.ನ ಸಣ್ಣ ಸ್ಕ್ರೂ, ಕೀಯ ಗಿಡ್ಡ ತುದಿಯ ಮೇಲೆ ಎರಡು ಬೆರಳಿನ ಬಲ ಸಾಕು. ಸ್ಪೇಸರ್ ಹಾಕಿದ್ದರೆ ಸ್ಕ್ರೂ ಹಬ್ಬಿನೊಳಗೆ ಕನಿಷ್ಠ 7.5 ಮಿ.ಮೀ. ಇಳಿಯುವಷ್ಟು ಉದ್ದ ಇರಲಿ.

ಹಾರ್ನ್ ಬಾರದಿದ್ದರೆ ಗಾಬರಿ ಬೇಡ. ಗುಂಡಿಗೆ ಎರಡು ವೈರ್: ಒಂದು ಹಾರ್ನಿನದು, ಇನ್ನೊಂದು ಅರ್ಥ್, ಅಂದರೆ ಕಾರಿನ ಮೈಗೆ ಕೂಡುವುದು. ಒತ್ತಿದರೂ ಸುಮ್ಮನಿದ್ದರೆ ಹೆಚ್ಚಾಗಿ ಅರ್ಥ್ ಸಿಕ್ಕಿರುವುದಿಲ್ಲ. ಕಾಲಮ್ಮಿನ ಕೆಳಗೆ ರಬ್ಬರ್ ಜೋಡಣೆ ಇರುವ ಕಾರುಗಳಲ್ಲಿ ಅದನ್ನು ದಾಟಿಸುವ ಅರ್ಥ್ ತಂತಿ ತುಂಡಾಗಿರಬಹುದು. ಒಂದೇ ಸಮನೆ ಕೂಗಿದರೆ ಹಾರ್ನಿನ ವೈರ್ ಹಬ್ಬಿನ ಮೈಗೆ ತಾಗಿದೆ. ಕೆಲವು ಕೋನದಲ್ಲಿ ಮಾತ್ರ ಕೂಗಿದರೆ ಹಿಂದಿನ ತಾಮ್ರದ ಬಳೆ ಕಪ್ಪಾಗಿದೆ, ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ.

ನೆಟ್ಟಗೆ ಓಡುವಾಗ ಸ್ಟೇರಿಂಗ್ ವಾರೆ ನಿಂತರೆ ಮೊದಲು ಲೆಕ್ಕ ಹಾಕಿ. ಶಾಫ್ಟಿಗೆ 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ. ವಾರೆ ಅಷ್ಟು ಇದ್ದರೆ ಹಬ್ ತೆಗೆದು ಒಂದು ಹಲ್ಲು ಸರಿಸಿ. ಮೂರ್ನಾಲ್ಕು ಡಿಗ್ರಿ ಇದ್ದರೆ ಹಲ್ಲಿನಿಂದ ಆಗದು, ವೀಲ್ ಅಲೈನ್‌ಮೆಂಟಿನಲ್ಲಿ ಚಕ್ರವನ್ನು ತಿರುಗಿಸುವ ಟೈ ರಾಡ್ ಒಂದು ಕಡೆ ಎಷ್ಟು ಉದ್ದ ಮಾಡಿದರೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಬೇಕು. ಒಂದೇ ಕಡೆ ತಿರುಗಿಸಿ ಸ್ಟೇರಿಂಗ್ ನೆಟ್ಟಗೆ ಮಾಡಿ ಕೊಟ್ಟರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಗೆ ಹೊರಗೆ ವಾಲುವ ಅಳತೆ, ಕೆಟ್ಟು ಟೈರ್ ಒಂದೇ ಅಂಚಿಗೆ ಸವೆಯುತ್ತದೆ.

ನಮ್ಮ ಬಿಸಿಲಿಗೆ ಯಾವ ಹೊದಿಕೆ ಎಂಬುದಕ್ಕೆ ಉತ್ತರ ನಯವಾದ ಚರ್ಮ. ಸ್ವೇಡ್, ಅಂದರೆ ನವಿರೆದ್ದ ಚರ್ಮ, ಫೋಟೋದಲ್ಲಿ ಚೆಂದ. ಕರಿಮಣ್ಣಿನ ಧೂಳು, ವಾಡಿ ಸೇಡಂ ಕಡೆ ಹೋದರೆ ಸಿಮೆಂಟಿನ ಧೂಳು, ಮೇಲೆ ಕೈಯ ಬೆವರು, ಇಷ್ಟು ಸೇರಿದರೆ ಅದರ ನವಿರು ಅಂಟಿಕೊಂಡು ಜಿಡ್ಡಾಗುತ್ತದೆ. ಮರದ ಹಿಡಿಕೆಯ ವಾರ್ನಿಷ್ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಬಿರಿಯುತ್ತದೆ. ಕಪ್ಪು ಚರ್ಮವೂ ಬಿಸಿಲಲ್ಲಿ ಕೈ ಸುಡುತ್ತದೆ, ನಿಜ. ನಿಲ್ಲಿಸಿದಾಗ ಬಿಳಿ ಹತ್ತಿ ಟವೆಲ್ ಹೊದಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಮೂರು ತಿಂಗಳಿಗೊಮ್ಮೆ ಲೆದರ್ ಕಂಡೀಷನರ್ ಹಚ್ಚಿ. ಕೊಬ್ಬರಿ ಎಣ್ಣೆ, ಡ್ಯಾಶ್‌ಬೋರ್ಡ್ ಪಾಲಿಶ್ ಎರಡೂ ಬೇಡ, ಹಿಡಿಕೆ ಜಾರುತ್ತದೆ.

ಕಾಲು ಬೆಲೆಗೆ ಸಿಗುವ ನಕಲಿಗಳ ಬಗ್ಗೆ: ಚರ್ಮದ ಬದಲು ರೆಕ್ಸಿನ್, ತೂತು ಸಡಿಲ, ಕಡ್ಡಿ ತೆಳು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸ್ಟೇರಿಂಗನ್ನು ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೋರಲು ಹಾಕಿ ಅಂಚಿಗೆ ಬೆರಳಿಡಿ. ಅಸಲಿ ಸುತ್ತಲೂ ಕೂಡುತ್ತದೆ, ಸೊಟ್ಟಗಿದ್ದದ್ದು ಟಕಟಕ ಅಲುಗುತ್ತದೆ. ಆಮೇಲೆ ಎರಡು ಕೈಯಿಂದ ನಡುಭಾಗವನ್ನು ಕೆಳಗೆ ಒತ್ತಿ. ಕಡ್ಡಿ ಬಾಗುವುದು ಕಣ್ಣಿಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಬೀದರದ ಕಡೆಯವರಿಗೆ ಹಾರ್ನ್ ಗುಂಡಿಯ ಜಾಗದಲ್ಲಿ ಬಿದರಿ ಕೆಲಸದ ಬಿಲ್ಲೆ ಕೂಡಿಸುವ ಆಸೆ ಬರಬಹುದು. ಕಪ್ಪು ಮೈ, ಬೆಳ್ಳಿಯ ಬಳ್ಳಿ, ಕಪ್ಪು ಚರ್ಮದ ನಡುವೆ ಅದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ. ಆದರೆ ಬಿದರಿ ಸತುವಿನ ಎರಕ, ಭಾರ. ದಪ್ಪ ಬಿಲ್ಲೆಯಾದರೆ ಗುಂಡಿಯ ಸ್ಪ್ರಿಂಗ್ ತಾಳದೆ ರಸ್ತೆಯ ಪ್ರತಿ ತಗ್ಗಿಗೂ ಹಾರ್ನ್ ತಾನೇ ಕೂಗುತ್ತದೆ, ಎದೆಯ ಎದುರಿಗೆ ಗಟ್ಟಿ ಲೋಹವೂ ಇಟ್ಟಂತಾಗುತ್ತದೆ. ಆ ಕೆಲಸವನ್ನು ಗೇರ್ ನಾಬಿನ ಮೇಲ್ತುದಿಗೆ ಮಾಡಿಸಿ, ಹಾರ್ನಿಗೆ ಪೆಟ್ಟಿಗೆಯಲ್ಲಿ ಬಂದ ಗುಂಡಿಯೇ ಇರಲಿ.

ಕೂಡಿಸಿದ ದಿನ ಬೀದಿಗೆ ಇಳಿಸುವ ಮೊದಲು ನಿಂತಲ್ಲೇ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ವೈರ್ ಎಲ್ಲಿಯೂ ಸಿಕ್ಕಿಕೊಳ್ಳದ್ದನ್ನು ನೋಡಿ. ನಟ್ಟಿನ ಮೇಲೂ ಶಾಫ್ಟಿನ ಮೇಲೂ ಸೇರಿ ಒಂದು ಬಿಳಿ ಬಣ್ಣದ ಗೆರೆ ಎಳೆಯಿರಿ. ನೂರು ಕಿ.ಮೀ. ಆದ ಮೇಲೆ ಹಾರ್ನ್ ಗುಂಡಿ ತೆಗೆದು ನೋಡಿದಾಗ ಗೆರೆ ಮುರಿದಿದ್ದರೆ ಹಬ್ ಹಲ್ಲಿನ ಮೇಲೆ ಪೂರ್ತಿ ಕೂತಿರಲಿಲ್ಲ ಎಂದರ್ಥ. ಹಬ್ ಬಿಚ್ಚಿ, ಒರೆಸಿ, ಮತ್ತೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.