ಟೋಕನ್ ಅಡ್ವಾನ್ಸ್ ತಗೊಳ್ಳುವ ಮುಂಚೆ ಕರಾರಿನ ಈ ಎರಡು ಸಾಲು ನೋಡಿ

ಅಪ್ಪ ಅಮ್ಮ ಕಟ್ಟಿಸಿದ ಮನೆ ಮಾರಲು ಹೊರಟಿದ್ದೀರಾ? ಹಾಗಾದರೆ ಕ್ರಯದ ಕರಾರಿನಲ್ಲಿ ಕೊಳ್ಳುವವರ ಹೆಸರಿನ ಪಕ್ಕ ಏನು ಬರೆದಿದೆ ಅಂತ ಮೊದಲು ಓದಿ. "ಅಥವಾ ಅವರು ಸೂಚಿಸುವವರ ಹೆಸರಿಗೆ" ಅಂತ ಇದ್ದರೆ ಪೆನ್ನು ಕೆಳಗಿಡಿ. ಆ ಸಾಲು ನಮ್ಮ ಮನೆಗೆ ಒಂದು ವರ್ಷಕ್ಕಿಂತ ಜಾಸ್ತಿ ಬೀಗ ಹಾಕಿತ್ತು.

ನಮ್ಮದು ಮೈಸೂರಿನ ಕುವೆಂಪುನಗರದ ಮನೆ, 30x40 ಸೈಟು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದರು. ನಾನು ಬೆಂಗಳೂರಿನಲ್ಲಿ, ಅಕ್ಕ ಶಿವಮೊಗ್ಗದಲ್ಲಿ, ತಮ್ಮ ಅಮೆರಿಕದಲ್ಲಿ. ಉಯಿಲು ಬರೆಯದೆ ಹೋದ ಅಪ್ಪನ ಸ್ವಂತ ದುಡಿಮೆಯ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಹಾಗಾಗಿ ಎಲ್ಲರ ಸಹಿಯೂ ಬೇಕು. ಪುಣ್ಯಕ್ಕೆ ನಮ್ಮಲ್ಲಿ ಜಗಳ ಇರಲಿಲ್ಲ. ತಮ್ಮ ಅಲ್ಲಿಂದಲೇ ಜಿಪಿಎ, ಅಂದರೆ ತನ್ನ ಪರವಾಗಿ ಸಹಿ ಹಾಕಲು ಅಧಿಕಾರಪತ್ರ, ಕಳಿಸಿದ. ಹೊರದೇಶದಿಂದ ಬಂದ ಜಿಪಿಎಗೆ, ಅದು ಇಲ್ಲಿ ತಲುಪಿದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಅದೂ ಆಯಿತು.

ಬ್ರೋಕರ್ ಒಬ್ಬರನ್ನು ಕರೆತಂದ. ಬಿಳಿ ಪಂಚೆ, ಹಣೆಗೆ ಕುಂಕುಮ, ಮಾತು ಬೆಣ್ಣೆ. "ಮಗಳಿಗೆ ಅಂತ ನೋಡ್ತಾ ಇದ್ದೀವಿ ತಾಯಿ, ಈ ಮನೆ ಒಳಗೆ ಕಾಲಿಟ್ಟ ತಕ್ಷಣ ಮನಸ್ಸಿಗೆ ಬಂತು" ಅಂದರು. ಒಂದು ಕೋಟಿ ಹತ್ತು ಲಕ್ಷಕ್ಕೆ ಮಾತಾಯಿತು. ಟೋಕನ್ 2 ಲಕ್ಷ. ಕರಾರನ್ನು ರಿಜಿಸ್ಟರ್ ಮಾಡಿಸೋಣ, ಇಬ್ಬರಿಗೂ ಒಳ್ಳೆಯದು ಅಂತ ಅವರೇ ಹೇಳಿದರು. ಕರಡನ್ನೂ ಅವರೇ ತಂದರು, ಅದರಲ್ಲಿ ಆ "ಸೂಚಿಸುವವರ ಹೆಸರಿಗೆ" ಸಾಲಿತ್ತು. ನಾವು ತೋರಿಸಿದ ಲಾಯರ್ "ಇದೆಲ್ಲ ಎಲ್ಲರೂ ಹಾಕ್ತಾರೆ, ಕೊನೆಗೆ ಹೆಂಡತಿ ಹೆಸರಿಗೋ ಮಗಳ ಹೆಸರಿಗೋ ಮಾಡಿಸ್ಕೊಳ್ಳೋಕೆ" ಅಂದರು. ಅದೂ ಸುಳ್ಳಲ್ಲ. ನಿಜವಾಗಿ ಮನೆ ಬೇಕಾದವರೂ ಆ ಸಾಲು ಹಾಕಿಸುತ್ತಾರೆ. ತೊಂದರೆ ಶುರುವಾಗುವುದು ಅದರ ಜೊತೆ ಎರಡನೇ ಸಾಲು ಸೇರಿಕೊಂಡಾಗ.

ಎರಡನೇ ಸಾಲು ಇದು: "ಮಾರುವವರು ಎಲ್ಲಾ ದಾಖಲೆಗಳನ್ನು ಒದಗಿಸಿದ ದಿನದಿಂದ 6 ತಿಂಗಳೊಳಗೆ ಕ್ರಯಪತ್ರ." ಯಾವ ದಾಖಲೆ ಅಂತ ಎಲ್ಲೂ ಬರೆದಿಲ್ಲ. ಅಂದರೆ ಆ 6 ತಿಂಗಳು ಶುರುವಾಗುವುದು ಅವರು ಸಾಕು ಅಂದಾಗಲೇ!

ಮೊದಲು ಖಾತೆ ಅಪ್ಪನ ಹೆಸರಲ್ಲೇ ಇದೆ ಅಂದರು. ಅದು ನ್ಯಾಯವೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಓಡಾಡಿ ನಮ್ಮ ಹೆಸರಿಗೆ ಮಾಡಿಸಿ, ಇ-ಖಾತೆಯನ್ನೂ ತೆಗೆಸಿದೆವು. ಅದಿಲ್ಲದೆ ಈಗ ಪಟ್ಟಣದ ಮನೆಯ ರಿಜಿಸ್ಟ್ರೇಷನ್ ಆಗುವುದೂ ಇಲ್ಲ. ಆಮೇಲೆ ಸೈಟು ಹಂಚಿದ ಮುಡಾದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ) ಸ್ವಾಧೀನ ಪತ್ರದ ಮೂಲಪ್ರತಿ ಕೇಳಿದರು. ಕೊಟ್ಟೆವು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರು ಮನೆ ತಗೋತಾರೆ? ಸರಿ ಅಂದೆವು. ಆಮೇಲೆ ಪಿತೃಪಕ್ಷ. ದಸರಾಕ್ಕೆ ಗ್ಯಾರಂಟಿ ಅಂದರು. ಜಂಬೂಸವಾರಿ ಹೋಗಿ ಬಂತು, ಇವರು ಬರಲಿಲ್ಲ. ಆಮೇಲೆ ಧನುರ್ಮಾಸ. ಪಂಚಾಂಗದಲ್ಲಿ ಇಷ್ಟೊಂದು ಅಡ್ಡಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬೇರೊಬ್ಬ ಬ್ರೋಕರ್ ಜೊತೆ ಗಂಡ ಹೆಂಡತಿ ಮನೆ ಮುಂದೆ ಬಂದು ನಿಂತಿದ್ದಾರೆ. ಗೇಟಿನಿಂದಲೇ ಫೋಟೋ ತೆಗೆಯುತ್ತಿದ್ದಾರೆ. ಅಮ್ಮ ಹೊರಗೆ ಬಂದು ಯಾರಪ್ಪ ಅಂತ ಕೇಳಿದರೆ, "ಮನೆ ನೋಡೋಕೆ ಬಂದ್ವಿ ಅಮ್ಮ. ಒಂದೂ ಮೂವತ್ತು ಹೇಳಿದ್ದಾರೆ, ನಮಗೆ ಸ್ವಲ್ಪ ಜಾಸ್ತಿ ಆಯ್ತು" ಅಂದರಂತೆ. ಅಮ್ಮ ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು, ಎಲ್ಲಾ ವಿಚಾರಿಸಿಕೊಂಡು, ಆಮೇಲೆ ನನಗೆ ಫೋನ್ ಮಾಡಿದರು. "ನಮ್ಮನೆ ಬೆಲೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು ಕಣೋ."

ಮಗಳೂ ಇಲ್ಲ, ಏನೂ ಇಲ್ಲ. 2 ಲಕ್ಷ ಕೊಟ್ಟು ಮನೆಯನ್ನು ಹಿಡಿದಿಟ್ಟುಕೊಂಡು, 20 ಲಕ್ಷ ಮೇಲಿಟ್ಟು ಗಿರಾಕಿ ಹುಡುಕುವ ವ್ಯಾಪಾರ. ಸಿಕ್ಕರೆ "ಸೂಚಿಸುವವರು" ಅಂತ ಅವರ ಹೆಸರಿಗೆ ನೇರ ನಮ್ಮಿಂದಲೇ ಬರೆಸುವುದು. ಸಿಗದಿದ್ದರೆ ಕಾಯಿಸುವುದು.

ಹಾಗಾದರೆ ಬೇರೆಯವರಿಗೆ ಮಾರಿಬಿಡಿ ಅಂತ ನೆಂಟರೆಲ್ಲ ಸುಲಭವಾಗಿ ಹೇಳಿದರು. ಆಗುವುದಿಲ್ಲ. ರಿಜಿಸ್ಟರ್ ಆದ ಕರಾರು ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿಯಲ್ಲಿ, ಕಾಣಿಸುತ್ತದೆ. ಅದನ್ನು ನೋಡಿದ ಯಾವ ಬ್ಯಾಂಕೂ ಲೋನ್ ಕೊಡುವುದಿಲ್ಲ. ಅದು ಸುಲಭವಾಗಿ ಹೋಗಬೇಕೆಂದರೆ ರದ್ದತಿ ಪತ್ರ ರಿಜಿಸ್ಟರ್ ಆಗಬೇಕು, ಅದಕ್ಕೆ ಅವರ ಸಹಿಯೂ ಬೇಕು. ಕರಾರಿನ ಗಡುವು ಮುಗಿದ ಮೇಲೂ ಕ್ರಯ ಮಾಡಿಕೊಡಿ ಅಂತ ದಾವೆ ಹೂಡಲು ಅವರಿಗೆ 3 ವರ್ಷ ಇರುತ್ತದೆ. ದಾವೆ ನಡೆಯುವಾಗ ಯಾರಾದರೂ ಕೊಂಡರೆ, ಕೊನೆಗೆ ಬರುವ ತೀರ್ಪಿಗೆ ಅವರೂ ಬದ್ಧರು. ಅಂಥ ಮನೆ ಯಾರಿಗೆ ಬೇಕು?

ನಾವು ಹಣ ವಾಪಸ್ ಕೊಡ್ತೀವಿ ಅಂದ ವಾರದೊಳಗೆ ಅವರ ಕಡೆಯಿಂದಲೇ ಲಾಯರ್ ನೋಟಿಸ್ ಬಂತು. "ನಮ್ಮ ಕಕ್ಷಿದಾರರು ಯಾವಾಗಲೂ ಸಿದ್ಧರಿದ್ದಾರೆ, ನೀವೇ ತಪ್ಪಿಸಿಕೊಳ್ಳುತ್ತಿದ್ದೀರಿ" ಅಂತ. ಇಂಥ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಲಾಯರ್ ಮೂಲಕ ಉತ್ತರ ಕೊಡಿ. ಹಣ ಕೊಟ್ಟು ಕೊಳ್ಳಲು ತಾವು ಸಿದ್ಧರಿದ್ದೆವು ಅಂತ ಕೋರ್ಟಿನಲ್ಲಿ ತೋರಿಸಬೇಕಾದವರು ಕೊಳ್ಳುವವರೇ. ಹೋರಾಡಿದ್ದರೆ ನಾವು ಗೆಲ್ಲುತ್ತಿದ್ದೆವು ಅಂತಲೇ ಈಗಿನ ನಮ್ಮ ಲಾಯರ್ ಹೇಳುತ್ತಾರೆ. ಆದರೆ ಅಮ್ಮನಿಗೆ 78. 2 ಲಕ್ಷದ ಮೇಲೆ ಇನ್ನೂ 3 ಲಕ್ಷ ಸೇರಿಸಿ ಕೊಟ್ಟು ರದ್ದು ಮಾಡಿಸಿಕೊಂಡೆವು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ಹೊರಬಂದು ಅಮ್ಮನ ಕಾಲಿಗೆ ಬೇರೆ ನಮಸ್ಕಾರ ಮಾಡಿದ ಆಸಾಮಿ.

ಈಗ ಇನ್ನೊಬ್ಬರ ಜೊತೆ ಕರಾರಾಗಿದೆ. ಹೆಸರು ಅವರದು ಮತ್ತು ಹೆಂಡತಿಯದು ಮಾತ್ರ. ದಿನಾಂಕ ಅಂಕಿಯಲ್ಲಿದೆ. ಕೊಡುವ ದಾಖಲೆಗಳ ಪಟ್ಟಿ ಇದೆ, ಪಟ್ಟಿಯ ಕೆಳಗೆ "ಪಡೆದುಕೊಂಡಿದ್ದೇವೆ" ಅಂತ ಅವರ ಸಹಿ ಇದೆ. ಆ ದಿನಾಂಕವೇ ಕರಾರಿನ ಮುಖ್ಯ ಷರತ್ತು, ತಪ್ಪಿದರೆ ಕರಾರು ರದ್ದು ಅಂತ ಬಿಡಿಸಿ ಬರೆಸಿದ್ದೇವೆ. ಬರೆಸದಿದ್ದರೆ, ಮನೆ ಜಮೀನಿನ ವಿಷಯದಲ್ಲಿ ಕೋರ್ಟುಗಳು ಗಡುವನ್ನು ಅಷ್ಟು ಬಿಗಿಯಾಗಿ ನೋಡುವುದಿಲ್ಲವಂತೆ. ಮುಂಗಡ ಹತ್ತನೇ ಒಂದು ಭಾಗ, ಪೂರ್ತಿ ಬ್ಯಾಂಕ್ ಮೂಲಕ. ಅರ್ಧ ಕ್ಯಾಶ್ ತಗೊಳ್ಳಿ ಅಂತ ಇವರ ಜೊತೆ ಬಂದ ಬ್ರೋಕರೂ ಹೇಳಿದ್ದ. ಮನೆ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತಗೊಂಡವರ ಮೇಲೆ.

ಅಂದ ಹಾಗೆ ಹಳೇ ಬ್ರೋಕರ್ ಮೊನ್ನೆ ಮೆಸೇಜ್ ಕಳಿಸಿದ್ದಾನೆ. ಕರಾರು ಮಾಡಿಸಿದ್ದು ನಾನೇ ಅಲ್ವಾ ಸರ್, ನನ್ನ ಒಂದು ಪರ್ಸೆಂಟ್ ಯಾವಾಗ ಕೊಡ್ತೀರಿ ಅಂತ.