ಎರಡು ಲೀಟರ್ ಬ್ಲಾಡರ್: ಎರಡು ವರ್ಷದ ಬಳಕೆಯ ನಂತರ

ಚಾರಣಕ್ಕೆ ಬ್ಲಾಡರ್, ಅಂದರೆ ಬೆನ್ನಿನ ಬ್ಯಾಗಿನಲ್ಲಿಟ್ಟು ಪೈಪಿನಿಂದ ಹೀರಿ ಕುಡಿಯುವ ನೀರಿನ ಚೀಲ, ಕೊಳ್ಳುವವರು ಮೊದಲು ಕೇಳುವುದು ಎಷ್ಟು ಲೀಟರ್ ಹಿಡಿಯುತ್ತದೆ ಅಂತ. ನೋಡಬೇಕಾದ್ದು ಅದರ ಬಾಯಿ. ಒಳಗೆ ಕೈ ಹೋಗದ ಚೀಲವನ್ನು ಉಜ್ಜಿ ತೊಳೆಯಲಾಗುವುದಿಲ್ಲ. ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಕಸಕ್ಕೆ ಹೋಗುತ್ತದೆ.

ನಾನು ಬಳಸುತ್ತಿರುವುದು ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನ ಚೀಲ. ಮೇಲ್ತುದಿ ಪೂರ್ತಿ ತೆರೆಯುತ್ತದೆ. ಮಡಚಿ, ಮೇಲೊಂದು ಪಟ್ಟಿ ಜಾರಿಸಿದರೆ ಮುಚ್ಚಿಕೊಳ್ಳುತ್ತದೆ. ಎರಡು ವರ್ಷಕ್ಕೂ ಹೊಲಿಗೆಯಿಲ್ಲದ ಅಂಚುಗಳು ಬಿಟ್ಟಿಲ್ಲ. ಮಡಿಕೆ ಓರೆಯಾದರೆ ಅಥವಾ ಪಟ್ಟಿ ಕೊನೆಯವರೆಗೆ ಜಾರದಿದ್ದರೆ ಮಾತ್ರ ಮೂಲೆಯಿಂದ ನೀರು ಒಸರುತ್ತದೆ. ಕಂಠಮಟ್ಟ ತುಂಬಿಸದೆ ಮೂರು ಬೆರಳಷ್ಟು ಜಾಗ ಬಿಡಿ. ತಿರುಪು ಮುಚ್ಚಳದ ಚೀಲವನ್ನು ನಲ್ಲಿಗೆ ಹಿಡಿಯುವುದು ಸುಲಭ, ಒಪ್ಪುತ್ತೇನೆ. ಆದರೆ ಒಣಗಿಸುವುದು ಕಷ್ಟ. ತಿರುಪು ಅಡ್ಡ ಕೂತರೆ ಬ್ಯಾಗಿನೊಳಗಿನ ಬಟ್ಟೆಯೆಲ್ಲ ಒದ್ದೆ.

ಚೀಲಕ್ಕೆ ಪೈಪ್ ಸೇರುವ ಜಾಗದ ಒಳಗೆ ತೆಳ್ಳನೆಯ ರಬ್ಬರ್ ಉಂಗುರವಿದೆ. ಸೋರಿಕೆ ಬಹುಮಟ್ಟಿಗೆ ಅಲ್ಲೇ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಸಾಕು, ಹನಿ ಶುರು. ಒರೆಸಿ, ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ಸಾಸಿವೆಯಷ್ಟು ಸವರಿ. ಕೊಬ್ಬರಿ ಎಣ್ಣೆ ಬೇಡ. ಎಣ್ಣೆಗೆ ಕೆಲವು ರಬ್ಬರ್ ಊದಿಕೊಳ್ಳುತ್ತವೆ.

ತೊಳೆಯಲು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ. ಚೀಲವನ್ನು ಎತ್ತರಕ್ಕೆ ನೇತುಹಾಕಿ ಪೈಪಿನ ತುದಿಯ ಕಚ್ಚುವ ವಾಲ್ವ್ (ಕಚ್ಚಿದರೆ ನೀರು ಬಿಡುವ ಬಾಯಿ) ಒತ್ತಿ, ಸೋಡಾ ನೀರು ಪೈಪಿನ ತುದಿಯವರೆಗೂ ಇಳಿಯಲಿ. ಅರ್ಧ ಗಂಟೆ ಬಿಟ್ಟು ಉದ್ದನೆಯ ಬ್ರಷ್ ಎಳೆದು, ಎರಡು ಸಲ ಜಾಲಿಸಿ. ಒಣಗಿಸುವಾಗ ಒಳಗೊಂದು ಸೌಟು ನಿಲ್ಲಿಸಿ. ಎರಡು ಪದರ ಅಂಟಿಕೊಂಡರೆ ಮಧ್ಯೆ ತೇವ ಉಳಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಏನೂ ಒಣಗುವುದಿಲ್ಲ, ಆಗ ನೀರು ಬಸಿದು ಚೀಲ, ಪೈಪ್ ಎರಡನ್ನೂ ಫ್ರೀಜರಿನಲ್ಲಿಡಿ. ಪಾನಕ, ಓಆರ್‌ಎಸ್ ಬ್ಲಾಡರಿಗೆ ಹಾಕಲೇಬೇಡಿ. ಸಕ್ಕರೆಯ ಅಂಶ ಪೈಪಿನಲ್ಲಿ ಉಳಿದರೆ ಲೋಳೆ ಕಟ್ಟುತ್ತದೆ.

ದೊಡ್ಡ ಕೊರತೆ ಎಂದರೆ ಎಷ್ಟು ನೀರು ಉಳಿದಿದೆ ಎಂದು ಬೆನ್ನಿಗೆ ತಿಳಿಯುವುದಿಲ್ಲ. 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಕುಕ್ಕೆ ಕಡೆಯಿಂದ ಹತ್ತುವಾಗ ದಾರಿ ಮಧ್ಯದ ಭಟ್ಟರ ಮನೆ ದಾಟಿದರೆ ಬಿಸಿಲಿಗೆ ಬಿದ್ದ ಹುಲ್ಲುಗಾವಲು. ಅಲ್ಲಿ ಬ್ಲಾಡರ್ ಸದ್ದಿಲ್ಲದೆ ಬರಿದಾಗುತ್ತದೆ. ಅದಕ್ಕೇ ಮೂರು ಲೀಟರಿನ ಒಂದೇ ಚೀಲಕ್ಕಿಂತ ಎರಡು ಲೀಟರ್ ಚೀಲ, ಜೊತೆಗೆ ತುಂಬಿದ ಒಂದು ಲೀಟರ್ ಬಾಟಲಿ ಒಳ್ಳೆಯದು. ಹೊರುವ ನೀರು ಅದೇ ಮೂರು ಕಿಲೋ, ಆದರೆ ಚೀಲ ಬರಿದಾದಾಗ ಕೈಯಲ್ಲಿ ಇನ್ನೂ ಒಂದು ಲೀಟರ್ ಇರುತ್ತದೆ. ಕುಡಿದಾದ ಮೇಲೆ ಪ್ರತಿ ಸಲ ಪೈಪಿಗೆ ಮೆಲ್ಲಗೆ ಊದಿ ನೀರನ್ನು ಚೀಲಕ್ಕೆ ಹಿಂದೆ ತಳ್ಳಿ, ಇಲ್ಲದಿದ್ದರೆ ಮುಂದಿನ ಗುಟುಕು ಬಿಸಿ ಬಿಸಿ.

ಕಚ್ಚುವ ವಾಲ್ವಿನ ಸೀಳು ಒಂದೂವರೆ ವರ್ಷಕ್ಕೆ ಸಡಿಲವಾಗಿ ತೊಟ್ಟಿಕ್ಕತೊಡಗಿತು. ಬಿಡಿಯಾಗಿ ಸಿಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಅದನ್ನೇ ಕೇಳಿ: ವಾಲ್ವ್ ಮತ್ತು ರಬ್ಬರ್ ಉಂಗುರ ಬಿಡಿಯಾಗಿ ಸಿಗದ ಬ್ಲಾಡರ್ ಎಷ್ಟೇ ಅಗ್ಗವಿದ್ದರೂ ಬೇಡ.