ಚಿತ್ರಕಾರ್ಡ್, ವಾಕ್ಯದ ಚೌಕಟ್ಟು, ಡಿಕ್ಟೊಗ್ಲಾಸ್: ನನ್ನ ಓಟು ಮೂರನೆಯದಕ್ಕೆ

ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಈ ಮೂರನ್ನೂ ಬಳಸಿದ್ದೇನೆ. ಒಂದನ್ನೇ ಇಟ್ಟುಕೊಳ್ಳಿ ಎಂದರೆ ಡಿಕ್ಟೊಗ್ಲಾಸ್ ಇಟ್ಟುಕೊಳ್ಳುತ್ತೇನೆ, ಅಂದರೆ ಶಿಕ್ಷಕರು ಓದಿದ ಗದ್ಯವನ್ನು ಕೇಳಿ ಮಕ್ಕಳೇ ಅದನ್ನು ಮತ್ತೆ ಬರೆದು ಕಟ್ಟುವ ಅಭ್ಯಾಸ.

ಚಿತ್ರಕಾರ್ಡ್ ಆರಂಭಕ್ಕೆ ಸರಿ. ಕುರ್ಚಿಯನ್ನು ತೋರಿಸಬಹುದು, 'ಆಲ್‌ದೋ' ಪದಕ್ಕೆ ಏನು ತೋರಿಸುವುದು? ದುಡ್ಡು ಕೊಟ್ಟು ತರಿಸಿದ ಸೆಟ್ಟಿನಲ್ಲಿ ಬಹುಪಾಲು ನಾಮಪದಗಳೇ.

'ಐ ಥಿಂಕ್ ... ಬಿಕಾಸ್ ...' ಥರದ ಚೌಕಟ್ಟು ಬಾಯಿಬಿಡದ ಮಗುವನ್ನೂ ಮಾತಾಡಿಸುತ್ತದೆ. ಆದರೆ ಖಾಲಿ ಜಾಗಕ್ಕೆ ಕ್ರಿಯಾಪದ ಬೇಕೆಂದು ಅದು ಹೇಳುವುದಿಲ್ಲ, ಮಗು 'ಬಿಕಾಸ್ ರೇನ್' ಎಂದು ನಿಲ್ಲಿಸುತ್ತದೆ. 'ಬಿಕಾಸ್ ಇಟ್ ಈಸ್ ...' ಎಂದು ಕೊಟ್ಟರೆ ವಾಸಿ. ಮೊದಲು ಪೂರ್ತಿ ಚೌಕಟ್ಟು, ಆಮೇಲೆ ಆರಂಭದ ಎರಡು ಪದ, ಕೊನೆಗೆ ಏನೂ ಇಲ್ಲ. ಹೀಗೆ ಹಿಂತೆಗೆಯದಿದ್ದರೆ ಅದು ಊರುಗೋಲಾಗಿಯೇ ಉಳಿಯುತ್ತದೆ.

ಡಿಕ್ಟೊಗ್ಲಾಸ್‌ಗೆ 50–70 ಪದಗಳ ಗದ್ಯಭಾಗ ಸಾಕು, ವಿಜ್ಞಾನದಲ್ಲಿ ಆಗಲೇ ಪಾಠವಾದ ವಿಷಯವಾದರೆ ಒಳ್ಳೆಯದು. ಹೊಸ ಪದ ನಾಲ್ಕೈದು ಮೀರಬಾರದು, ಅವನ್ನು ಮೊದಲೇ ಬೋರ್ಡಿನಲ್ಲಿ ಬರೆಯಬೇಕು. ಮೊದಲ ಓದಿನಲ್ಲಿ ಪೆನ್ನು ಕೆಳಗೆ, ಕೇಳುವುದಷ್ಟೆ. ಎರಡನೆಯದರಲ್ಲಿ ಮುಖ್ಯ ಪದಗಳ ಟಿಪ್ಪಣಿ. ಆಮೇಲೆ ಇಬ್ಬಿಬ್ಬರು ಕೂತು 15 ನಿಮಿಷದಲ್ಲಿ ಗದ್ಯವನ್ನು ಮರುಕಟ್ಟಬೇಕು. ಚರ್ಚೆ ಮನೆಮಾತಿನಲ್ಲೇ ನಡೆಯಲಿ, ಬರಹ ಇಂಗ್ಲಿಷಿನಲ್ಲಿರಲಿ.

ಇದು ಕೆಡುವುದು ಓದುವವರ ಕರುಣೆಯಿಂದ. ಮಕ್ಕಳ ಕೈ ಹಿಂದೆ ಬಿತ್ತೆಂದು ಓದುವವರು ಪದಗುಚ್ಛಕ್ಕೊಮ್ಮೆ ನಿಲ್ಲುತ್ತಾರೆ. ಅಲ್ಲಿಗೆ ಅದು ಉಕ್ತಲೇಖನ. ಮಗು ಸದ್ದನ್ನು ಅಕ್ಷರಕ್ಕಿಳಿಸುತ್ತದೆ, ವ್ಯಾಕರಣದ ಗೊಡವೆಗೇ ಹೋಗುವುದಿಲ್ಲ.

ಸಹಜ ವೇಗದಲ್ಲಿ ಓದಿದರೆ ಟಿಪ್ಪಣಿಯಲ್ಲಿ 'ವಾಟರ್', 'ಹೀಟ್', 'ವೇಪರ್' ಇಷ್ಟೇ ಸಿಗುತ್ತವೆ. ಇವನ್ನು ಜೋಡಿಸಲು ಹೊರಟಾಗ 'ವಾಟರ್ ಹೀಟ್' ಸಾಲದೆ 'ಈಸ್ ಹೀಟೆಡ್' ಬೇಕಾಗುತ್ತದೆ. ಅದು 'ಈಸ್' ಹೌದೋ ಅಲ್ಲವೋ ಎಂದು ಇಬ್ಬರೂ ವಾದಕ್ಕಿಳಿದರೆ ಪಾಠ ನಡೆಯುತ್ತಿದೆ ಎಂದರ್ಥ. ಕಷ್ಟವೆನಿಸಿದರೆ ಗದ್ಯವನ್ನು 40 ಪದಕ್ಕೆ ಇಳಿಸಿ ಅಥವಾ ಮೂರನೇ ಸಲ ಓದಿ, ವೇಗ ಮಾತ್ರ ತಗ್ಗಿಸಬೇಡಿ. ಅಂಕಿ, ಹೆಸರು ತುಂಬಿದ ಗದ್ಯವೂ ಬೇಡ, ಅದು ಬರೀ ನೆನಪಿನ ಪರೀಕ್ಷೆಯಾಗುತ್ತದೆ.

ತಿದ್ದುವಾಗ ಮೂಲದ ಪದಗಳೇ ಬರಬೇಕೆಂದಿಲ್ಲ. ಅರ್ಥ, ವ್ಯಾಕರಣ ಎರಡೂ ಸರಿಯಿದ್ದರೆ ಒಪ್ಪಿಕೊಳ್ಳಿ.

ನನಗಿರುವುದು 40 ನಿಮಿಷದ ಪಿರಿಯಡ್, ಜೆರಾಕ್ಸಿಗೆ ದುಡ್ಡಿಲ್ಲ. ಪಠ್ಯಪುಸ್ತಕದ ಒಂದು ಪ್ಯಾರಾದಲ್ಲಿ ಇಡೀ ಪಿರಿಯಡ್ ಮುಗಿಯುತ್ತದೆ. ಇಂಗ್ಲಿಷ್ ಅಕ್ಷರ ಇನ್ನೂ ಕೂಡದ ಹೊಸ ಮಗುವಿಗೆ ಮಾತ್ರ ಕಾರ್ಡು, ಚೌಕಟ್ಟುಗಳಿಂದಲೇ ಶುರುಮಾಡುತ್ತೇನೆ.